ಮುಂಜಾನೆಯ ಸುಮೊ ಮತ್ತು ಅಣ್ಣನ ಕಿವಿ

ಹನುಮಂತನಗರವು ಏರುತಗ್ಗುಗಳ ಬಡಾವಣೆಯೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ರಾಮಾಂಜನೇಯ ಗುಡ್ಡಕ್ಕೆ ಸಮೀಪದ ನಮ್ಮ ಮನೆಯ ಮುಂದಿನ ರಸ್ತೆಯೂ ಇಳಿಜಾರೇ. ಕೆಲವು ಕಾಲ ಈ ಇಳಿಜಾರೇ ನಮ್ಮ ಸುಮೊ ಗಾಡಿಯ ಸ್ಟಾರ್ಟರ್ ಆಗಿತ್ತು ಎಂದರೆ ನೀವು ನಗಬಹುದು.

ಈ ಸುಮೊವನ್ನು 2003ರಲ್ಲಿ ಕೊಂಡವರು ನನ್ನ ಅಣ್ಣ. (ಹೆಸರು ಜಪಾನಿನ ಮಲ್ಲರದಲ್ಲ, ಟಾಟಾ ಸಂಸ್ಥೆಯ ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಎರಡು ಮೊದಲಕ್ಷರಗಳು.) ಮದುವೆ, ಮುಂಜಿ, ಧರ್ಮಸ್ಥಳದ ಯಾತ್ರೆ, ಎಲ್ಲಕ್ಕೂ ಅದೇ ಗಾಡಿ, ಚಾಲಕರೂ ಅವರೇ. ಈಗ ಅವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬೆಳಗಿನ ಆರು ಗಂಟೆಯ ಪಾಳಿ. ಚಾಲಕನ ಸ್ಥಾನ ನನಗೆ ಬಂದಿದೆ. ಅವರು ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂರುತ್ತಾರೆ.

ಕಳೆದ ಚಳಿಗಾಲದಲ್ಲಿ ಗಾಡಿ ಮುಂಜಾನೆ ಹಟ ಹಿಡಿಯಲಾರಂಭಿಸಿತು. ಸೆಲ್ಫ್ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಹಿಡಿದರೂ ಗಡಗಡ ನಡುಗಿ, ಕಣ್ಣುರಿಸುವ ಬಿಳಿಯ ಹೊಗೆಯುಗುಳಿ, ಕಲ್ಲು ಕುಟ್ಟಿದಂತೆ ಕಟಕಟ ಸದ್ದು ಮಾಡುತ್ತಿತ್ತು. ಐದು ನಿಮಿಷ ಕಳೆದರೆ ಎಲ್ಲವೂ ಶಾಂತ. ಹಿಡಿಯದ ದಿನ ಇಳಿಜಾರಿನಲ್ಲಿ ಉರುಳಿಸಿ ಎರಡನೆಯ ಗೇರಿನಲ್ಲಿ ಕ್ಲಚ್ ಬಿಡುತ್ತಿದ್ದೆ.

"ಕೊನೇ ಸಿಲಿಂಡರು ಉರೀತಾ ಇಲ್ಲ ಕಣೋ," ಎಂದರು ಅಣ್ಣ ಒಂದು ದಿನ, ಕಣ್ಣು ಮುಚ್ಚಿಕೊಂಡೇ.

"ನೀವು ಸುಮ್ಮನೆ ಮಲಗಿ ಅಣ್ಣ, ನಾನು ನೋಡ್ತೀನಿ," ಎಂದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಾನು ಗಾಡಿಯನ್ನು ಒಯ್ದದ್ದು ಹೊಳೆಯುವ ಗಾಜಿನ ಗ್ಯಾರೇಜೊಂದಕ್ಕೆ, ಅದೂ ಮಧ್ಯಾಹ್ನದ ಬಿಸಿಲಿನಲ್ಲಿ. ಬಿಸಿಯಾದ ಎಂಜಿನ್ ತನ್ನ ಕಾಯಿಲೆಯನ್ನು ಏಕೆ ತೋರಿಸೀತು? ಆದರೂ ಅವರು ಎಂಜಿನ್ ಇಳಿಸಬೇಕು, ರಿಂಗು, ಬೇರಿಂಗು, ಬೋರ್ ಕೆಲಸ, ತೊಂಬತ್ತು ಸಾವಿರ ಎಂದರು. ಮಗನು ಗುಜರಿಗೆ ಹಾಕುವ ಮಾತೆತ್ತಿದ. ಅಣ್ಣ ಏನೂ ಹೇಳಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಎಂಜಿನ್ ಹಿಡಿಯಲೇ ಇಲ್ಲ. ಉರುಳಿಸೋಣವೆಂದರೆ ಯಾರೋ ನಮ್ಮ ಗಾಡಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಹೋಗಿದ್ದರು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿಯೂ ಸೋತಿತು. ಆ ಹೊತ್ತಿನಲ್ಲಿ ಆಟೊ ಸಿಗುವಷ್ಟರಲ್ಲಿ ತಡವಾಗಿ, ಮುಂದಿನ ಪಾಳಿಯವರಿಗೆ ಯಂತ್ರ ಬಿಡಬೇಕಾದ್ದರಿಂದ, ಅಣ್ಣನಿಗೆ ನಾಲ್ಕು ಗಂಟೆಯ ಬದಲು ಮೂರೇ ಗಂಟೆ ದೊರೆಯಿತು. ಅಂದು ರಾತ್ರಿ ಅವರು ಉಸಿರಿಗೆ ಒದ್ದಾಡಿ ದಿಂಬಿಗೊರಗಿಯೇ ಕುಳಿತಿದ್ದರು.

ಮರುದಿನ ಶ್ರೀನಗರದ ಕಡೆಯ ಒಬ್ಬ ಹಳೆಯ ಮೇಸ್ತ್ರಿಯನ್ನು ಹುಡುಕಿದೆ. ಅವರು ಹೇಳಿದ ಮೊದಲ ಮಾತು: "ರಾತ್ರಿ ಗಾಡಿ ಇಲ್ಲೇ ಬಿಡಿ ಮೇಷ್ಟ್ರೇ. ತಣ್ಣಗಿರುವಾಗಲೇ ನೋಡ್ಬೇಕು."

ನನ್ನ ಎಂಟನೆಯ ತರಗತಿಯವರಿಗೆ ಸೈಕಲ್ ಪಂಪಿನ ಪ್ರಯೋಗ ನೆನಪಿರಬಹುದು: ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಪಂಪು ಬಿಸಿಯಾಗುತ್ತಿತ್ತು. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿನ ತತ್ತ್ವವೂ ಅದೇ. ಕಿಡಿಯಿಲ್ಲ, ಗಾಳಿಯನ್ನು ಇಪ್ಪತ್ತರ ಸುಮಾರು ಪಟ್ಟು ಒತ್ತಿದಾಗ ಅದು 500 ಡಿಗ್ರಿ ದಾಟುತ್ತದೆ, ಸಿಡಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದರೆ ತಣ್ಣಗಿನ ಲೋಹ ಆ ಶಾಖವನ್ನು ಹೀರಿಬಿಡುತ್ತದೆ. ಅದಕ್ಕಾಗಿ ಹಳೆಯ ಡೀಸೆಲ್ ಗಾಡಿಗಳಲ್ಲಿ ಸಿಲಿಂಡರಿಗೊಂದು ಹೀಟರ್ ಪ್ಲಗ್. ಬೆಂಗಳೂರಿನಲ್ಲಿ ಅಂಥ ಚಳಿಯೆಲ್ಲಿ ಎನ್ನಬೇಡಿ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗಿಳಿದಿತ್ತು, ಸವೆದ ಗಾಡಿಗಾದರೋ ಡಿಸೆಂಬರಿನ 15-16 ಡಿಗ್ರಿಯೇ ಸಾಕು.

ಬೆಳಿಗ್ಗೆ ಐದೂವರೆಗೆ ಮೇಸ್ತ್ರಿ ಬೇರೆ ಬ್ಯಾಟರಿ ಜೋಡಿಸಿ, ಹೇಗೋ ಎಂಜಿನ್ ಹೊತ್ತಿಸಿದರು. ಅದು ನಡುಗುತ್ತಿರುವಾಗಲೇ ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸಿದರು. (ಇದನ್ನು ನೀವು ಯಾರೂ ಮಾಡಬೇಡಿ. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಹೋಗುತ್ತದೆ.) ಮೊದಲೆರಡರಲ್ಲಿ ಎಂಜಿನ್ನಿನ ದನಿ ಕುಗ್ಗಿತು. ಮೂರನೆಯದರಲ್ಲಿ ಕಟಕಟ ಸದ್ದು ಮಾಯವಾಯಿತು. ನಾಲ್ಕನೆಯದರಲ್ಲಿ ಏನೂ ಬದಲಾಗಲಿಲ್ಲ.

"ನಾಲ್ಕು ಉರೀತಾನೇ ಇಲ್ಲ. ಮೂರು ತಡವಾಗಿ ಉರಿದು ಬಡೀತದೆ. ಬೇರಿಂಗಾಗಿದ್ರೆ ಬಿಸಿಯಾದಂತೆ ಎಣ್ಣೆ ತೆಳುವಾಗಿ ಸದ್ದು ಜಾಸ್ತಿ ಆಗ್ಬೇಕಿತ್ತು. ನಿಮ್ದು ಕಮ್ಮಿ ಆಗ್ತದೆ. ಎಂಜಿನ್ ಆಯಿಲ್ ಕುಡೀತದಾ?" ಇಲ್ಲವೆಂದೆ. "ಮತ್ತೆ ರಿಂಗ್ ಯಾಕೆ ಬದಲಾಯಿಸ್ತೀರಿ?"

ಬಳಿಕ ಎಂಜಿನ್ ನಿಲ್ಲಿಸಿ, ಪ್ಲಗ್ಗುಗಳ ವಯರು ಕಳಚಿ, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಪುಟ್ಟ ಬಲ್ಬಿನ ಮೂಲಕ ಒಂದೊಂದನ್ನೂ ಮುಟ್ಟಿಸಿದರು. ಎರಡು ಬೆಳಗಿದವು, ಮೂರನೆಯದೂ ನಾಲ್ಕನೆಯದೂ ಬೆಳಗಲಿಲ್ಲ. ಒಳಗಿನ ತಂತಿ ಕಡಿದಿತ್ತು. ಆದರೆ ಡ್ಯಾಶ್‌ಬೋರ್ಡಿನ ಹೀಟರ್ ದೀಪ ಸರಿಯಾಗಿ ಹತ್ತಿ ಆರುತ್ತಿತ್ತಲ್ಲ ಎಂದೆ. "ಅದು ಟೈಮರ್ ದೀಪ ಮೇಷ್ಟ್ರೇ, ಪ್ಲಗ್ ಸತ್ರೂ ಉರೀತದೆ." ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನು ತೋರುದೀಪವನ್ನು ನಂಬಿ ಕಿವಿಯನ್ನು ನಂಬದೆ ಹೋಗಿದ್ದೆ. ಇಪ್ಪತ್ತು ವರ್ಷ ದಾಟಿದ ಪ್ಲಗ್ಗನ್ನು ಒಮ್ಮೆಯಾದರೂ ಪರೀಕ್ಷಿಸದ ತಪ್ಪು ನನ್ನದೇ.

ಜೆ.ಸಿ. ರಸ್ತೆಯಿಂದ ನಾಲ್ಕು ಪ್ಲಗ್ ತಂದೆ, ಎರಡು ಸಾವಿರದೊಳಗೆ. ಬ್ಯಾಟರಿಯ ತುದಿಗಳಲ್ಲಿ ಹೂತಿದ್ದ ಬಿಳಿಯ ಪುಡಿಯನ್ನು ಮೇಸ್ತ್ರಿ ಬಿಸಿನೀರಿನಿಂದ ತೊಳೆದರು.

ಶನಿವಾರ ಬೆಳಿಗ್ಗೆ ಅಣ್ಣನನ್ನು ಹತ್ತಿಸಿ, ಕೀಲಿ ತಿರುಗಿಸಿ, ದೀಪ ಆರುವವರೆಗೆ ಕಾದೆ. ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು. ಹೊಗೆಯೂ ಇಲ್ಲ, ಬಡಿತವೂ ಇಲ್ಲ. "ನೀವು ಹೇಳಿದ್ದೇ ಸರಿ ಅಣ್ಣ, ಕೊನೇ ಸಿಲಿಂಡರೇ," ಎಂದೆ ಹಿಂದಕ್ಕೆ ತಿರುಗದೆ.

ಕಂಬಳಿಯೊಳಗಿಂದ ಸ್ವಲ್ಪ ಹೊತ್ತು ಉತ್ತರವಿಲ್ಲ. ಬುಲ್ ಟೆಂಪಲ್ ರಸ್ತೆ ಸೇರುವಾಗ ಹೇಳಿದರು: "ಫ್ಯಾನ್ ಬೆಲ್ಟು ಕಿರುಗುಟ್ತಾ ಇದೆ. ಅದನ್ನೂ ನೋಡಿಸು."

ಬುಧವಾರ ತೋರಿಸಿದೆ. ಸಡಿಲವಾಗಿತ್ತು.