ರಾಜಗಡದಿಂದ ತೋರಣೆಗೆ

ಪುಣೆಯ ನೈಋತ್ಯಕ್ಕೆ, ಸಹ್ಯಾದ್ರಿಯ ಎರಡು ಶಿಖರಗಳನ್ನು ಏರಿ ಕುಳಿತಿರುವ ದುರ್ಗಗಳು ರಾಜಗಡ ಮತ್ತು ತೋರಣೆ. ಕೆಲವು ವರ್ಷಗಳ ಹಿಂದೆ, ಮಾಘದ ಹುಣ್ಣಿಮೆಯ ರಾತ್ರಿ, ತಂದೆಮಕ್ಕಳಿಬ್ಬರು ಒಂದರಿಂದ ಇನ್ನೊಂದಕ್ಕೆ ನಡೆದರು. ತಂದೆಗೆ ಅರುವತ್ತು ಮೀರಿದ್ದಿತು. ಬೇಡವೆಂದು ಮನೆಯವರೆಲ್ಲರೂ ಹೇಳಿದ್ದರು. ಮಗನಿಗೂ ಒಳಗೊಳಗೇ ಅಳುಕು. ಆದರೆ ಕರೆದವನು ಅವನೇ.

ರಾಜಗಡದ ಸಂಜೀವನಿ ಮಾಚಿಯೆಂಬ ಉದ್ದನೆಯ ಚಾಚು ಇಮ್ಮಡಿ ಗೋಡೆಗಳಿಂದ ಕಟ್ಟಿದುದು. ಅಲ್ಲಿಂದ ಕೆಳಗಿಳಿದರೆ ದಾರಿಯು ಗುಡ್ಡದ ಬೆನ್ನನ್ನೇ ಹಿಡಿದು ಪಶ್ಚಿಮಕ್ಕೆ ಸಾಗುತ್ತದೆ. ನಡುರಾತ್ರಿ ಕಳೆದ ಮೇಲೆ ಚಂದ್ರನು ಎದುರಿಗೇ ಇದ್ದನು. "ಚೀಲ ಕೊಡಿ, ಅಪ್ಪಾ" ಎಂದು ಮಗನು ಮತ್ತೆ ಮತ್ತೆ ಕೇಳಿದನು, ಅವರು ಕೊಡಲಿಲ್ಲ. ಉಸಿರು ಕಟ್ಟಿದಾಗಲೆಲ್ಲ ಬಂಡೆಯ ಮೇಲೆ ಕುಳಿತು ಚರಿತ್ರೆಯನ್ನು ತೆಗೆಯುವರು. ದಣಿವನ್ನು ಮರೆಸಲು ಅದಕ್ಕಿಂತ ಗೌರವದ ಉಪಾಯವುಂಟೆ?

1646ರ ಸುಮಾರಿನಲ್ಲಿ ತೋರಣೆಯನ್ನು ಹಿಡಿದಾಗ ಶಿವಾಜಿಯು ಹದಿನಾರರ ಎಳೆಯ. ಅಲ್ಲಿ ಸಿಕ್ಕಿದ ನಿಧಿಯಿಂದಲೇ ರಾಜಗಡವನ್ನು ಕಟ್ಟಿಸಿದನೆಂದು ಪ್ರತೀತಿ. ತಂದೆ ಶಹಾಜಿಯಾದರೋ ಬೆಂಗಳೂರಿನ ಜಹಗೀರಿಯನ್ನು ಪಡೆದು ಬಿಜಾಪುರದ ಸೇವೆಯಲ್ಲಿದ್ದನು. 1648ರಲ್ಲಿ ಅವನು ಸೆರೆಯಾದನು. ಮಗನ ಸಾಹಸವೂ ಅದಕ್ಕೊಂದು ಕಾರಣವೆಂದು ಹಲವರ ಮತ.

"ಕೋಟೆ ಮಗನಿಗೆ, ಬೇಡಿ ಅಪ್ಪನಿಗೆ" ಎಂದು ಅವರು ನಕ್ಕರು. ಮಗನು ನಗಲಿಲ್ಲ.

ಬೆಳಗಿನ ಜಾವಕ್ಕೆ ತೋರಣೆಯ ಬುಧಲಾ ಮಾಚಿ ತಲೆಯ ಮೇಲೆ ಕಪ್ಪಗೆ ನಿಂತಿತು. ಅಲ್ಲೊಂದು ಕಬ್ಬಿಣದ ಏಣಿಯುಂಟು. ಅದರ ಬುಡದಲ್ಲಿ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಗಲಿನ ಚೀಲವನ್ನು ತೆಗೆದು, ಕೇಳದೆಯೇ ಮಗನ ಕೈಗಿತ್ತರು. ಆಮೇಲೆ ಮೊದಲನೆಯ ಮೆಟ್ಟಿಲನ್ನು ತಾವೇ ಹತ್ತಿದರು.