ಊರು ಮತ್ತು ಮನೆ

ಡೊಂಬಿವಲಿಯ ಕನ್ನಡಿಗನಿಗೆ ‘ಊರು’ ಎಂದರೆ ತಾನು ವಾಸಿಸುವ ಸ್ಥಳವಲ್ಲ. ವರ್ಷವಿಡೀ ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣಿಸುವ ಆತ, ಮಕ್ಕಳಿಗೆ ಡಿಸೆಂಬರಿನ ರಜೆ ದೊರೆತೊಡನೆ ಊರಿಗೆ ಹೊರಡುತ್ತಾನೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಳ್ಳುವವರೆಗೆ ಕರಾವಳಿಯವರಿಗೆ ಘಟ್ಟ ಹತ್ತಿಳಿಯುವ ಬಸ್ಸೇ ಬಹುಮಟ್ಟಿಗೆ ಆಸರೆಯಾಗಿತ್ತು; ಈಗ ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧವನ್ನೇರಿದರೆ ಮರುದಿನ ಬೆಳಿಗ್ಗೆ ಉಡುಪಿ.

ಅಲ್ಲಿ ಧನುರ್ಮಾಸದ ಪೂಜೆಯಿದೆ, ಬಯಲಾಟವಿದೆ, ನೆಂಟರಿದ್ದಾರೆ. ಅವರ ಮೊದಲ ಪ್ರಶ್ನೆ ‘ಯಾವಾಗ ಬಂದದ್ದು?’, ಎರಡನೆಯದು ‘ಯಾವಾಗ ಹೊರಡುವುದು?’ ನಾಲ್ಕನೆಯ ದಿನ ಮಗುವೂ ‘ಮನೆಗೆ ಹೋಗೋಣ’ ಎಂದು ಹಟ ಹಿಡಿಯುತ್ತದೆ. ಮಗುವಿಗೆ ಮನೆಯೆಂದರೆ ಡೊಂಬಿವಲಿ.

ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವಿನ ಪ್ರಶ್ನೆ ಈ ಮಾತಿನಲ್ಲಿಯೇ ಅಡಗಿದೆ. ವರ್ಷಕ್ಕೊಮ್ಮೆ ಊರನ್ನು ಕಂಡುಬಂದರೆ ಸಾಲದು. ಮಗು ಮನೆಯೆಂದು ಕರೆಯುವ ಆ ಎರಡು ಕೋಣೆಗಳಲ್ಲಿಯೂ ಕನ್ನಡ ದಿನನಿತ್ಯ ಕೇಳಿಸಬೇಕು.