ವಿಮಾನ ಹತ್ತಿ ಮೀನು ಹಿಡಿಯಲು

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಎರಡೂವರೆ ಲಕ್ಷದಷ್ಟು ಕೆರೆಗಳಿವೆ. ಸರೋವರ ಎಂದು ಬರೆಯಬಹುದಿತ್ತು, ಆದರೆ ನನ್ನ ಬಾಯಿಗೆ ಬರುವುದು ಕೆರೆಯೇ. ನಮ್ಮ ಕಡೆಯ ಹಾಗೆ ಯಾರೋ ಪುಣ್ಯಾತ್ಮರು ಏರಿ ಹಾಕಿಸಿ, ತೂಬು ಇಡಿಸಿ ಕಟ್ಟಿಸಿದವಲ್ಲ ಇವು. ಹಿಮಯುಗದ ಮಂಜುಗಡ್ಡೆ ಬಂಡೆಯನ್ನು ಕೆರೆದುಕೊಂಡು ಹೋದ ಜಾಗದಲ್ಲಿ ತಾವಾಗಿ ನಿಂತ ನೀರು. ಪ್ರಾಂತ್ಯದ ವಾಯುವ್ಯ ಮೂಲೆಯ ನಕ್ಷೆ ಹರಡಿ ಕೂತರೆ ನೆಲದ ನಡುವೆ ನೀರಿದೆಯೋ ನೀರಿನ ನಡುವೆ ನೆಲವಿದೆಯೋ ಹೇಳುವುದು ಕಷ್ಟ. 105ನೇ ಹೆದ್ದಾರಿ ರೆಡ್ ಲೇಕ್ ಎಂಬ ಚಿನ್ನದ ಗಣಿಯ ಪಟ್ಟಣದಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದಾಚೆ ಸ್ವಲ್ಪ ದೂರ ಮಣ್ಣುರಸ್ತೆ, ಆಮೇಲೆ ವಿಮಾನವೇ ಗತಿ.

ಈ ಸೀಮೆಯಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು 'ಫ್ಲೈ-ಇನ್'. ಅದಕ್ಕೆ ಎರಡು ಬಳಕೆಗಳಿವೆ. ಮೊದಲನೆಯದು ರಜೆಯದು: ರಸ್ತೆಯಿಲ್ಲದ ಕೆರೆಯೊಂದರ ದಡದಲ್ಲಿ ಒಂದೇ ಒಂದು ಮರದ ಕ್ಯಾಬಿನ್, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಒಂದು ವಾರ ಮೀನು ಹಿಡಿಯುವುದು, ಸುತ್ತ ಯಾರೂ ಇಲ್ಲ. ಎರಡನೆಯದು ಊರಿನದು: ವರ್ಷವಿಡೀ ಬಳಸಬಲ್ಲ ರಸ್ತೆಯಿಲ್ಲದ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಮತ್ತು ಕೆರೆಗಳ ಮೇಲೆ ಕೆಲವು ವಾರ ಲಾರಿ ಓಡಿದರೆ ಓಡಿತು, ಉಳಿದಂತೆ ಹಾಲು, ಡಯಾಪರ್, ಔಷಧಿ ಎಲ್ಲವೂ ವಿಮಾನದಲ್ಲೇ ಬರಬೇಕಾದ ಮೂಲನಿವಾಸಿಗಳ ಊರುಗಳು. ಉತ್ತರ ಒಂಟಾರಿಯೊದಲ್ಲಿ ಇಂಥವು ಸುಮಾರು ಮೂವತ್ತು ಇವೆ. ಒಂದೇ ಪದ ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದಿನಸಿಯ ಬೆಲೆ.

ನಾನು ವಿನಿಪೆಗ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವವಳು. ನನ್ನ ವಿಷಯ ಕೆರೆಗಳ ತಳದ ಕೆಸರು. ನಾಲ್ಕು ವರ್ಷಗಳಿಂದ ಕೊಳವೆಯಲ್ಲಿ ತುಂಬಿ ಬಂದ ಕೆಸರನ್ನು ಸೆಂಟಿಮೀಟರಿನ ಲೆಕ್ಕದಲ್ಲಿ ಕತ್ತರಿಸಿ ನೋಡುತ್ತಿದ್ದೇನೆ. ನನ್ನ ಲ್ಯಾಬಿನ ಗೆಳತಿಯ ತಂದೆ ಮತ್ತು ಅವರ ಇಬ್ಬರು ಸ್ನೇಹಿತರು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಜೂನ್ ತಿಂಗಳಲ್ಲಿ ಒಂದೇ ಕೆರೆಗೆ ಹೋಗುತ್ತಾರೆ. ಎಲ್ಲರೂ ಎಪ್ಪತ್ತರ ಆಸುಪಾಸಿನವರು. ಕಳೆದ ವರ್ಷ ಅವರಲ್ಲೊಬ್ಬರಿಗೆ ಮಂಡಿಯ ಆಪರೇಷನ್ ಆಗಿ ಒಂದು ಸೀಟು ಖಾಲಿಯಾಯಿತು. "ಕೆರೆಯ ತಳ ನೋಡಿದ್ದು ಸಾಕು, ಮೇಲೇನಿದೆ ನೋಡು ಬಾ" ಎಂದು ಗೆಳತಿಯ ಅಪ್ಪ ಕರೆದರು. ತೀರ್ಥಹಳ್ಳಿಯಲ್ಲಿರುವ ಅಜ್ಜಿಗೆ ಫೋನಿನಲ್ಲಿ ವಿವರಿಸಿದೆ. ದೊಡ್ಡ ಮೀನು ಸಿಕ್ಕರೆ ಹೆಚ್ಚಿನವನ್ನು ವಾಪಸ್ ನೀರಿಗೆ ಬಿಡಬೇಕು ಎಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಡಿದು ಬಿಡಕ್ಕೆ ವಿಮಾನ ಯಾಕೆ? ಚಿಪ್ಪಲಗುಡ್ಡೆಗೆ ಹೋಗಿ ಮಂಡಕ್ಕಿ ಹಾಕಿ ಬಂದ್ರೆ ಆಗಲ್ವಾ?" ಎಂದಳು. ತುಂಗೆಯ ದಡದ ಆ ಮತ್ಸ್ಯಧಾಮದಲ್ಲಿ ಮೀನು ಹಿಡಿಯುವ ಹಾಗೇ ಇಲ್ಲ. ಮಳೆಗಾಲದ ಮೊದಲ ನೆರೆಗೆ ಗದ್ದೆಯ ಹಳ್ಳಗಳಿಗೆ ಏರಿ ಬರುವ ಹತ್ತುಮೀನನ್ನು ಕೂಣಿ ಒಡ್ಡಿ ಹಿಡಿದರೆ ಬಿಡುವ ಪ್ರಶ್ನೆಯೇ ಇಲ್ಲ. ಅಜ್ಜಿಯ ಲೋಕದಲ್ಲಿ ಮೀನು ದೇವರದ್ದು ಇಲ್ಲವೇ ಸಾರಿನದ್ದು. ನಡುವಿನ ದಾರಿ ಅವಳಿಗೆ ಅರ್ಥವಾಗಲಿಲ್ಲ.

ವಿನಿಪೆಗ್‌ನಿಂದ ರೆಡ್ ಲೇಕಿಗೆ ಕಾರಿನಲ್ಲಿ ಐದಾರು ಗಂಟೆ. ಇಲ್ಲಿ 1920ರ ದಶಕದ ನಡುವೆ ಚಿನ್ನ ಸಿಕ್ಕಿತು. ರಸ್ತೆಯಿಲ್ಲದ ಕಾಡಿಗೆ ಜನರನ್ನೂ ಯಂತ್ರಗಳನ್ನೂ ಸಾಗಿಸಲು ನೀರಿನ ಮೇಲೆ ಇಳಿಯುವ ವಿಮಾನಗಳು ಬಂದವು. ಮೀನಿನ ರಜೆ ಆಮೇಲೆ ಆ ವಿಮಾನಗಳ ಬೆನ್ನೇರಿ ಬಂದದ್ದು. ನಾವು ಹತ್ತಿದ್ದು ಡಿ ಹ್ಯಾವಿಲೆಂಡ್ ಬೀವರ್. ಮೊದಲ ಬೀವರ್ ಹಾರಿದ್ದು 1947ರಲ್ಲಿ, ಹಳೆಯ ಮಾದರಿಯ ತಯಾರಿಕೆ ನಿಂತದ್ದು 1967ರಲ್ಲಿ. ಅಂದರೆ ನಾವು ಕೂತ ವಿಮಾನಕ್ಕೆ ನನ್ನ ಅಪ್ಪನ ವಯಸ್ಸು. ಎಂಜಿನ್ನಿಗೆ ಎಣ್ಣೆ ಹಾಕುವ ಬಾಯಿ ಪೈಲಟ್ ಕೂರುವ ಜಾಗದ ಒಳಗೇ ಇದೆ. ಕೊರೆಯುವ ಚಳಿಯಲ್ಲಿ ಹೊರಗೆ ನಿಂತು ಎಣ್ಣೆ ಹಾಕುವ ಕಷ್ಟ ಬೇಡವೆಂದು ಹಾಗೆ ಮಾಡಿದ್ದಂತೆ. ವಿನ್ಯಾಸ ಮಾಡುವ ಮೊದಲು ಕಂಪನಿಯವರು ಕಾಡಿನಲ್ಲಿ ಹಾರುವ ಪೈಲಟ್‌ಗಳನ್ನೇ ಕೇಳಿದ್ದರು, ನಿಮಗೆ ಏನು ಬೇಕು ಎಂದು.

ಹಿಂದಿನ ದಿನ ಸಂಜೆ ಪಟ್ಟಣದ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಿದ್ದೆವು. ನಮ್ಮ ಗಾಡಿಯಲ್ಲಿ ಬೇಕನ್, ಆಲೂಗೆಡ್ಡೆ, ಬಿಯರ್. ಪಕ್ಕದ ಗಾಡಿಯಲ್ಲಿ ಹಾಲಿನ ಪುಡಿ, ಡಯಾಪರ್, ಸೇಬು, ಹಿಟ್ಟಿನ ದೊಡ್ಡ ಚೀಲ. ಅದನ್ನು ತಳ್ಳುತ್ತಿದ್ದ ನಡುವಯಸ್ಸಿನ ಅನಿಶಿನಾಬೆ ಹೆಂಗಸು ಮರುದಿನ ವಿಮಾನದಲ್ಲಿ ಉತ್ತರದ ತನ್ನ ಊರಿಗೆ ಹೊರಟಿದ್ದರು. ಎಲ್ಲಿಗೆ ಎಂದು ಕೇಳಿದರು. ನಮ್ಮವರಲ್ಲೊಬ್ಬರು ನಗುತ್ತ "ಎಲ್ಲೂ ಇಲ್ಲದ ಜಾಗಕ್ಕೆ" ಎಂದರು. ಇಂಗ್ಲಿಷಿನಲ್ಲಿ ಅದು ಸವೆದುಹೋದ ಮಾತು, ಯಾರೂ ಅದರ ಅರ್ಥ ನೋಡುವುದಿಲ್ಲ. ಆಕೆ ಕೆರೆಯ ಹೆಸರು ಕೇಳಿದರು. ಹೇಳಿದೆವು. "ಓ, ಅದಾ. ಮಧ್ಯಾಹ್ನ ಪಶ್ಚಿಮದ ಗಾಳಿ ಎದ್ದರೆ ದೊಡ್ಡ ನಡುಗಡ್ಡೆ ದಾಟಿ ಹೋಗಬೇಡಿ. ನಮ್ಮಜ್ಜ ಅಲ್ಲಿ ಬಲೆ ಹಾಕ್ತಿದ್ದರು" ಎಂದು ಹೇಳಿ ಬಿಲ್ಲಿನ ಸಾಲಿಗೆ ಹೋದರು. ಅಷ್ಟು ವರ್ಷಗಳಿಂದ ಅಲ್ಲಿಗೆ ಹೋಗುತ್ತಿದ್ದ ನಮ್ಮ ಹಿರಿಯರು ಆ ಸಂಜೆ ನಕ್ಷೆ ತೆಗೆದು ನಡುಗಡ್ಡೆಯ ಆಚೆಯ ಭಾಗವನ್ನು ಹೊಸದಾಗಿ ನೋಡಿದರು. ಮೂರನೆಯ ದಿನ ಮಧ್ಯಾಹ್ನ ಆ ಗಾಳಿ ಬಂತು. ನಾವು ಈಚೆಯೇ ಇದ್ದೆವು.

ಹೊರಡುವ ಮುನ್ನ ಎಲ್ಲವನ್ನೂ ತೂಕ ಮಾಡುತ್ತಾರೆ, ನಮ್ಮನ್ನೂ ಸೇರಿಸಿ. ನನ್ನ ಪುಟ್ಟ ಕುಕ್ಕರು, ಅಕ್ಕಿ, ಸಾರಿನ ಪುಡಿ ತಕ್ಕಡಿಯ ಮೇಲೆ ಕೂತವು. ಅದಕ್ಕೆ ಸರಿಯಾಗಿ ಬಿಯರ್ ಕೆಳಗಿಳಿಯಿತು. ಒಬ್ಬ ಹಿರಿಯರು ಕುಕ್ಕರನ್ನು ಬಹಳ ಹೊತ್ತು ನೋಡಿದರು. ವಿಮಾನ ನಮ್ಮನ್ನು ಇಳಿಸಿ ಹೊರಟ ಮೇಲೆ ಅದರ ಸದ್ದು ತೆಳ್ಳಗಾಗುತ್ತ ಹೋಗಿ ಒಂದು ಕ್ಷಣದಲ್ಲಿ ಇಲ್ಲವಾಯಿತು. ಆಮೇಲೆ ಉಳಿದದ್ದು ನೀರು ಕಲ್ಲಿಗೆ ತಾಗುವ ಶಬ್ದ ಮತ್ತು ಸೊಳ್ಳೆ. ಕ್ಯಾಬಿನ್ನಿನಲ್ಲಿ ಗ್ಯಾಸಿನಲ್ಲಿ ಓಡುವ ಫ್ರಿಜ್, ಕಟ್ಟಿಗೆಯ ಒಲೆ, ಹೊರಗೆ ಕಕ್ಕಸು, ದಡದಲ್ಲಿ ಎರಡು ಅಲ್ಯೂಮಿನಿಯಂ ದೋಣಿ. ಫೋನಿಗೆ ಸಿಗ್ನಲ್ ಇಲ್ಲ, ತುರ್ತಿಗೆ ಮಾತ್ರ ಒಂದು ಸ್ಯಾಟಲೈಟ್ ಸಾಧನ. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಗೈಡಿನ ಇಮೇಲ್ ಬರಲಾರದ ವಾರ. ಅದರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ.

ಇಲ್ಲಿ ಎಲ್ಲರಿಗೂ ಬೇಕಾದ ಮೀನು ವಾಲೈ. ಕಣ್ಣಿನೊಳಗೆ ಬೆಳಕು ಹಿಂದಿರುಗಿಸುವ ಪೊರೆ ಇರುವುದರಿಂದ ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಮುಸ್ಸಂಜೆಯಲ್ಲಿ ತನ್ನ ಬೇಟೆಗಿಂತ ಚೆನ್ನಾಗಿ ಕಾಣುವ ಮೀನು ಇದು, ಹಾಗಾಗಿ ಬೆಳಕು ಇಳಿಯುವ ಹೊತ್ತಿಗೆ ಗಾಳ ಕಚ್ಚುತ್ತದೆ. ಜೂನಿನಲ್ಲಿ ಆ ಹೊತ್ತು ರಾತ್ರಿ ಹತ್ತರವರೆಗೂ ನಡೆಯುತ್ತದೆ. ತಣ್ಣೀರಿನಲ್ಲಿ ಮೀನು ನಿಧಾನವಾಗಿ ಬೆಳೆಯುವುದರಿಂದ ನಿಯಮ ಬಿಗಿ. ಸಾಮಾನ್ಯ ಪರವಾನಗಿಯವರು ನಾಲ್ಕು ಇಟ್ಟುಕೊಳ್ಳಬಹುದು, ಅಗ್ಗದ 'ಸಂರಕ್ಷಣಾ' ಪರವಾನಗಿಯವರು ಎರಡು. ಅವುಗಳಲ್ಲಿ 46 ಸೆಂಟಿಮೀಟರ್ ಮೀರಿದ್ದು ಒಂದೇ ಇರಬೇಕು. ದೊಡ್ಡವು ಹೆಚ್ಚಾಗಿ ಮೊಟ್ಟೆಯಿಡುವ ಹೆಣ್ಣುಗಳು. ಅವನ್ನು ಬಿಟ್ಟರೆ ಕೆರೆ ಉಳಿಯುತ್ತದೆ. ಅಜ್ಜಿಗೆ ಇದನ್ನು ಹೀಗೆ ಹೇಳಿದ್ದರೆ ಒಪ್ಪುತ್ತಿದ್ದಳೇನೋ.

ಈ ದೂರವೂ ತಾನಾಗಿ ಉಳಿದದ್ದಲ್ಲ. ಮರ ಕಡಿಯುವವರು ಇಂಥ ಕೆರೆಗಳ ಬಳಿ ರಸ್ತೆ ಮಾಡಿದಾಗ ಕೆಲವು ಕಡೆ ಸಾರ್ವಜನಿಕರು ಬರಕೂಡದೆಂದು ಫಲಕ ಹಾಕುತ್ತಾರೆ, ಕೆಲಸ ಮುಗಿದ ಮೇಲೆ ಸೇತುವೆಗಳನ್ನೇ ಕಿತ್ತುಹಾಕುತ್ತಾರೆ. ರಸ್ತೆ ಬಂದರೆ ಜನ ಬರುತ್ತಾರೆ, ಜನ ಬಂದರೆ ಮೀನು ಹೋಗುತ್ತದೆ, ಮೀನು ಹೋದರೆ ವಿಮಾನದ ರಜೆಗೆ ಯಾರು ದುಡ್ಡು ಕೊಟ್ಟಾರು? ದೂರ ಎಂಬುದು ಇಲ್ಲಿ ಬೇಲಿ ಹಾಕಿ ಕಾಯಬೇಕಾದ ಬೆಳೆ. ಇದೇ ಉತ್ತರದಲ್ಲಿ ನೆಸ್ಕಾಂಟಗ ಎಂಬ ಊರಿದೆ. ಅದೂ ಫ್ಲೈ-ಇನ್. ಅಲ್ಲಿ 1995ರಿಂದ ನಲ್ಲಿ ನೀರನ್ನು ಕುದಿಸದೆ ಕುಡಿಯಬಾರದೆಂಬ ಸೂಚನೆ ಜಾರಿಯಲ್ಲಿದೆ. ಕೆರೆಯ ದಡದ ಊರಿಗೆ ಬಾಟಲಿ ನೀರು ವಿಮಾನದಲ್ಲಿ ಬರುತ್ತದೆ. ನನ್ನ ಜೊತೆಗಿದ್ದವರು ಒಳ್ಳೆಯ ಜನ, ಕೆರೆಯಲ್ಲಿ ಒಂದು ಪ್ಲಾಸ್ಟಿಕ್ ದಾರ ಬಿಡದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರು ದುಡ್ಡು ಕೊಟ್ಟು ಪಡೆಯುವ ದೂರವನ್ನು ಇನ್ನೊಬ್ಬರು ಪ್ರತಿ ಲೀಟರ್ ಹಾಲಿಗೂ ದಂಡದ ಹಾಗೆ ಕಟ್ಟುತ್ತಿದ್ದಾರೆ.

ದೂರದ ಕೆರೆ ಸ್ವಚ್ಛ ಎಂಬ ನಂಬಿಕೆ ನನ್ನ ವಿಷಯದೊಳಗೆ ಬರುತ್ತದೆ. ನಾವು ಬಂದ ಹೆದ್ದಾರಿ ವಾಬಿಗೂನ್ ಎಂಬ ನದಿಯನ್ನು ದಾಟುತ್ತದೆ. ಅದರ ಮೇಲ್ಭಾಗದಲ್ಲಿರುವ ಡ್ರೈಡನ್ ಪಟ್ಟಣದ ಕಾಗದದ ಕಾರ್ಖಾನೆಯಿಂದ 1962 ಮತ್ತು 1970ರ ನಡುವೆ ಸುಮಾರು ಒಂಬತ್ತು ಟನ್ ಪಾದರಸ ಆ ನದಿಗೆ ಸೇರಿತು. ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಪಾದರಸವನ್ನು ಮೀಥೈಲ್ ಪಾದರಸವನ್ನಾಗಿ ಮಾಡುತ್ತವೆ. ಅದು ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಸಾಂದ್ರವಾಗುತ್ತದೆ. ನೀರು ತಿಳಿಯಾಗಿಯೇ ಇರುತ್ತದೆ, ಮೀನು ಆರೋಗ್ಯವಾಗಿಯೇ ಕಾಣುತ್ತದೆ. ಕೆಳಗೆ ಬಾಲ್ ಲೇಕ್ ಎಂಬಲ್ಲಿ ವಿಮಾನದಲ್ಲಿ ಹೋಗುವ ಪ್ರಸಿದ್ಧ ಲಾಡ್ಜ್ ಇತ್ತು. ಗ್ರಾಸಿ ನ್ಯಾರೋಸ್ ಎಂಬ ಅನಿಶಿನಾಬೆ ಊರಿನ ಎಷ್ಟೋ ಜನ ಅಲ್ಲಿ ದೋಣಿ ನಡೆಸಿ ಮೀನಿರುವ ಜಾಗ ತೋರಿಸುವ ಗೈಡ್‌ಗಳಾಗಿದ್ದರು. 1970ರಲ್ಲಿ ಪಾದರಸದ ವಿಷಯ ಹೊರಬಿದ್ದಾಗ ವ್ಯಾಪಾರಕ್ಕಾಗಿ ಮೀನು ಹಿಡಿಯುವುದು ನಿಂತಿತು. ಮಾಲೀಕ ಬಾರ್ನಿ ಲ್ಯಾಮ್ ಲಾಡ್ಜನ್ನು ಮುಚ್ಚಿದರು. ಬೇರೆ ಕಡೆ ಸರ್ಕಾರ ಫಲಕ ಹಾಕಿತು: ಮೋಜಿಗೆ ಮೀನು ಹಿಡಿಯಿರಿ. ಅಂದರೆ ಹಿಡಿಯಿರಿ, ತಿನ್ನಬೇಡಿ.

ಈ ಪಾದರಸದ ಲೆಕ್ಕ ಕಾಲದ ಲೆಕ್ಕ. ಅತಿಥಿ ಒಂದು ವಾರ ತಿಂದು ಹಾರಿಹೋಗುತ್ತಾನೆ, ಅವನ ದೇಹ ಕೆಲವು ತಿಂಗಳಲ್ಲಿ ಅದನ್ನು ಹೊರಹಾಕುತ್ತದೆ. ಅವನ ಜೊತೆ ದಡದಲ್ಲಿ ಒಲೆ ಹೂಡಿ ಮೀನು ಕರಿದು ತಾನೂ ಉಣ್ಣುವ ಗೈಡ್ ಮುಂದಿನ ವಾರ ಬೇರೆ ಅತಿಥಿಗಳ ಜೊತೆ ಅದನ್ನೇ ಉಣ್ಣುತ್ತಾನೆ, ಇಡೀ ಬೇಸಿಗೆ. ಸಂಜೆ ಮನೆಗೆ ಒಯ್ಯುವುದೂ ಅದೇ ಮೀನು. ಕೆಲಸ ಹೋಯಿತು, ಊಟ ವಿಷವಾಯಿತು, ಎರಡೂ ಒಂದೇ ವರ್ಷದಲ್ಲಿ. 1975ರಲ್ಲಿ ಜಪಾನಿನ ಮಿನಮಾಟದಲ್ಲಿ ಇದೇ ಕಾಯಿಲೆಯನ್ನು ಅಧ್ಯಯನ ಮಾಡುತ್ತಿದ್ದ ವೈದ್ಯ ಮಸಾಜುಮಿ ಹರಾಡ ಬಂದು ಅಲ್ಲಿನ ಜನರನ್ನು ಪರೀಕ್ಷಿಸಿದರು. ನದಿಯ ತಳ ಶುದ್ಧಮಾಡಲು ಒಂಟಾರಿಯೊ ಸರ್ಕಾರ 8.5 ಕೋಟಿ ಡಾಲರ್ ಕೊಡಲು ಒಪ್ಪಿದ್ದು 2017ರಲ್ಲಿ. ನಡುವೆ ನಲವತ್ತೇಳು ವರ್ಷ. ನನ್ನ ಪ್ರಬಂಧಕ್ಕೆ ನಾಲ್ಕು ವರ್ಷ ಬಹಳವಾಯಿತೆಂದು ಅನ್ನಿಸಿದಾಗೆಲ್ಲ ಈ ಸಂಖ್ಯೆ ನೆನಪಾಗುತ್ತದೆ.

ನಾವಿದ್ದ ಕೆರೆ ಆ ನದಿಗೆ ಸೇರಿದ್ದಲ್ಲ. ಆದರೂ ಅಲ್ಲಿನ ದೊಡ್ಡ ಮೀನಿನಲ್ಲಿ ಸ್ವಲ್ಪ ಪಾದರಸ ಇದ್ದೇ ಇರುತ್ತದೆ. ಎಲ್ಲೋ ಉರಿದ ಕಲ್ಲಿದ್ದಲಿನಿಂದ ಎದ್ದ ಪಾದರಸ ಗಾಳಿಯಲ್ಲಿ ಸಾವಿರಾರು ಮೈಲಿ ಬಂದು ಮಳೆಯ ಜೊತೆ ಇಳಿಯುತ್ತದೆ. ಅದಕ್ಕೆ ರಸ್ತೆ ಬೇಕಾಗಿಲ್ಲ, ಅದೂ ಹಾರಿಯೇ ಬರುವುದು. ಒಂಟಾರಿಯೊ ಸರ್ಕಾರ ಕೆರೆ, ಮೀನಿನ ಜಾತಿ, ಉದ್ದ ಇವುಗಳ ಪ್ರಕಾರ ತಿಂಗಳಿಗೆ ಎಷ್ಟು ಊಟ ತಿನ್ನಬಹುದೆಂಬ ಪಟ್ಟಿ ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಎರಡು ಸಾಲು. ಒಂದು ಎಲ್ಲರಿಗೆ. ಇನ್ನೊಂದು ಗರ್ಭ ಧರಿಸಬಲ್ಲ ಹೆಂಗಸರಿಗೆ ಮತ್ತು ಹದಿನೈದು ವರ್ಷದೊಳಗಿನ ಮಕ್ಕಳಿಗೆ.

ಕೊನೆಯ ದಿನದ ಮಧ್ಯಾಹ್ನ ಬಂಡೆಯ ಮೇಲೆ ಬೆಂಕಿ ಹೂಡಿದ್ದರು. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿತ್ತು, ಪಕ್ಕದಲ್ಲಿ ನನ್ನ ಕುಕ್ಕರು ಎರಡನೆಯ ಕೂಗಿಗೆ ಕಾದಿತ್ತು. ನಾನು ಎರಡು ಸಣ್ಣ ಮೀನುಗಳನ್ನು ನನ್ನ ಪಾಲಿಗೆಂದು ಬೇರೆ ಇಟ್ಟಿದ್ದು ನೋಡಿ ಗೆಳತಿಯ ಅಪ್ಪ ಯಾಕೆಂದು ಕೇಳಿದರು. ಬ್ಯಾಗಿನಿಂದ ಪಟ್ಟಿಯ ಪ್ರಿಂಟ್ ತೆಗೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಅಷ್ಟು ವರ್ಷ ಅವರು ನೋಡಿದ್ದು ಮೊದಲ ಸಾಲನ್ನು ಮಾತ್ರ. ಮೂವರು ಗಂಡಸರ ಗುಂಪಿಗೆ ಇನ್ನೊಂದರ ಅಗತ್ಯ ಬಿದ್ದಿರಲಿಲ್ಲ.

"ನಿನ್ನ ಸಾಲಿನಲ್ಲಿ ಸಂಖ್ಯೆ ಕಡಿಮೆ ಇದೆಯಲ್ಲ" ಎಂದರು.

"ಮೀನು ಉದ್ದ ಆದಷ್ಟೂ ಇನ್ನೂ ಕಡಿಮೆ."

"ಮುಂದಿನ ಜೂನಿಗೆ ಮೊಮ್ಮಗಳನ್ನ ಕರಕೊಂಡು ಬರೋಣ ಅಂತಿದ್ದೆ. ಅವಳಿಗೆ ಒಂಬತ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕುಕ್ಕರು ಕೂಗಿತು, ಎದುರು ದಡದಿಂದ ಒಂದು ಲೂನ್ ಹಕ್ಕಿ ಅದಕ್ಕೆ ಉತ್ತರ ಕೊಟ್ಟ ಹಾಗಾಯಿತು, ಎಲ್ಲರೂ ನಕ್ಕರು. ಅವರು ಮಾತ್ರ ಎದ್ದು ದೋಣಿಯಿಂದ ಮೀನು ಅಳೆಯುವ ತಮ್ಮ ಹಳೆಯ ಹಲಗೆ ತಂದರು. ಅದರ ಮೇಲೆ 46 ಸೆಂಟಿಮೀಟರಿನ ಹತ್ತಿರ ಕಾನೂನಿನ ಕೆಂಪು ಗೆರೆ ಮೊದಲೇ ಇತ್ತು. ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಮಾರ್ಕರಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದು, ಆ ಗೆರೆಗಿಂತ ಸಾಕಷ್ಟು ಕೆಳಗೆ ಇನ್ನೊಂದು ಗೆರೆ ಎಳೆದು, ಪಕ್ಕದಲ್ಲಿ ಮೊಮ್ಮಗಳ ಹೆಸರು ಬರೆದರು.